ಪಟ್ಟಿಯಲ್ಲಿ ಮನೆಯವರ ಹೆಸರು ಇರುವುದಿಲ್ಲ

ಕ್ಯಾಸಂಬಳ್ಳಿಯಿಂದ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಮಹಡಿ ಮನೆಯನ್ನು ಒಬ್ಬಂಟಿ ಗಂಡಸಿಗೆ ಬಾಡಿಗೆಗೆ ಕೊಟ್ಟಿದ್ದಾರಂತೆ. ಯಜಮಾನರು ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದರೆ ಮನೆ ಸೇರುವುದು ರಾತ್ರಿಯೇ. ಮನೆಯಲ್ಲಿ ಒಂಬತ್ತು ವರ್ಷದ ಮಗಳು. ‘ಅಮೆರಿಕದಲ್ಲಿ ಇಂಥ ಅಪರಾಧಿಗಳ ಫೋಟೋ, ವಿಳಾಸ ಎಲ್ಲಾ ಇಂಟರ್‌ನೆಟ್‌ನಲ್ಲಿ ಹಾಕ್ತಾರಂತೆ. ನಮ್ಮಲ್ಲಿ ಯಾಕೆ ಹಾಕಬಾರದು? ನೋಡಿಕೊಂಡೇ ಬಾಡಿಗೆಗೆ ಕೊಡಬಹುದಲ್ಲ?’ ಎನ್ನುವುದು ಅವರ ಪ್ರಶ್ನೆ.

ನಿಮ್ಮಲ್ಲೂ ಅನೇಕರಿಗೆ ಹೀಗೆ ಅನ್ನಿಸಿರುತ್ತದೆ, ಅಲ್ಲವೇ? ಪಟ್ಟಿ ನಮ್ಮಲ್ಲೂ ಇದೆ. ಕೇಂದ್ರ ಗೃಹ ಇಲಾಖೆ 2018ರ ಸೆಪ್ಟೆಂಬರ್‌ನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದಾಖಲೆಯನ್ನು ಶುರು ಮಾಡಿತು. ಆರಂಭದಲ್ಲೇ ಅದರಲ್ಲಿ 4.4 ಲಕ್ಷಕ್ಕೂ ಹೆಚ್ಚು ನಮೂದುಗಳಿದ್ದವು. ಆದರೆ ಅದನ್ನು ನೋಡಲು ಅವಕಾಶ ಇರುವುದು ಪೊಲೀಸರಿಗೆ ಮತ್ತು ತನಿಖಾ ಸಂಸ್ಥೆಗಳಿಗೆ ಮಾತ್ರ, ನಮಗಲ್ಲ. ಹಾಗೇ ಇರುವುದು ಒಳ್ಳೆಯದು ಅಂತ ನಾನು ಹೇಳಿದರೆ ಸಿಟ್ಟಾಗಬೇಡಿ.

ಅಮೆರಿಕದ ಕಥೆಯನ್ನೇ ಕೇಳಿ. ಅಲ್ಲಿನ ಮಿನ್ನೆಸೋಟದಲ್ಲಿ 1989ರಲ್ಲಿ ಜೇಕಬ್ ವೆಟರ್ಲಿಂಗ್ ಎಂಬ 11 ವರ್ಷದ ಹುಡುಗನ ಅಪಹರಣವಾಯಿತು. ಅವನ ತಾಯಿ ಪ್ಯಾಟಿ ಹಟ ಹಿಡಿದು ಹೋರಾಡಿದರು. 1994ರಲ್ಲಿ ಮಗನ ಹೆಸರಿನಲ್ಲೇ ಕಾಯ್ದೆ ಬಂತು, ಅಪರಾಧಿಗಳ ಹೆಸರು ಪೊಲೀಸರ ಬಳಿ ನೋಂದಣಿಯಾಗತೊಡಗಿತು. ಎರಡು ವರ್ಷಕ್ಕೆ ಅದನ್ನು ಜನರಿಗೂ ತಿಳಿಸಬೇಕೆಂಬ ಕಾನೂನೂ ಬಂತು. ಆಮೇಲೆ ಆ ಪಟ್ಟಿ ಬೆಳೆದ ರೀತಿ ನೋಡಿ, ಇದು ಅತಿಯಾಯಿತು ಎಂದವರಲ್ಲಿ ಆ ತಾಯಿಯೇ ಒಬ್ಬರು! ಮಗನನ್ನು ಕಳೆದುಕೊಂಡವಳು ಹೇಳಿದ ಮಾತನ್ನು ತಳ್ಳಿಹಾಕುವುದು ಹೇಗೆ?

ಅಧ್ಯಯನಗಳೂ ಅದನ್ನೇ ಹೇಳುತ್ತವೆ. ನ್ಯೂಜೆರ್ಸಿಯಲ್ಲಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ, ಪಟ್ಟಿ ಬಹಿರಂಗ ಮಾಡಿದ್ದರಿಂದ ಮರು ಅಪರಾಧ ಕಡಿಮೆಯಾಯಿತು ಎನ್ನಲು ಆಧಾರ ಸಿಗಲಿಲ್ಲ. 2011ರ ಇನ್ನೊಂದು ಅಧ್ಯಯನದ ಪ್ರಕಾರ ಪೊಲೀಸರ ಬಳಿ ಹೆಸರು ಇದ್ದರೆ ಉಪಯೋಗವಿದೆ. ಊರಿಗೆಲ್ಲಾ ಸಾರಿದರೆ ಮಾತ್ರ ಉಲ್ಟಾ ಹೊಡೆಯಬಹುದು. ಮನೆ ಇಲ್ಲ, ಕೆಲಸ ಇಲ್ಲ, ಕಳೆದುಕೊಳ್ಳಲು ಏನೂ ಉಳಿದಿಲ್ಲ ಎನ್ನುವವನು ಇನ್ನೂ ಅಪಾಯಕಾರಿ ತಾನೇ?

ಇರಲಿ, ಪತ್ರಕ್ಕೆ ಬರುತ್ತೇನೆ. ಕೊನೆಯಲ್ಲಿ, ಸಹಿಗಿಂತ ಮೇಲೆ ಒಂದು ಸಾಲಿದೆ: ‘ಮಗಳು ಈಚೆಗೆ ಚಿಕ್ಕಪ್ಪನ ಮನೆಗೆ ಟ್ಯೂಷನ್‌ಗೆ ಹೋಗಲ್ಲ ಅಂತ ರಚ್ಚೆ ಹಿಡೀತಾಳೆ, ಓದೋದ್ರಲ್ಲಿ ಸೋಮಾರಿ.’

ತಾಯಿ, ಬಾಡಿಗೆದಾರನ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ. ಇದಕ್ಕೆ ಒಂದೇ ಸಾಲು. ಚಿಕ್ಕಪ್ಪ ತಪ್ಪು ಮಾಡಿದ್ದಾರೆಂದು ನಾನು ಹೇಳುತ್ತಿಲ್ಲ, ಮಗುವಿಗೆ ಲೆಕ್ಕವೇ ಕಷ್ಟವಾಗಿರಬಹುದು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷವೂ ಹೇಳುವುದು ಒಂದೇ ಮಾತು: ಅತ್ಯಾಚಾರ ಪ್ರಕರಣಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಆರೋಪಿಗಳು ಪರಿಚಿತರೇ. ನೆಂಟರು, ನೆರೆಯವರು, ಮನೆಗೆ ಬಂದು ಹೋಗುವವರು. ಯಾರೂ ದೂರು ಕೊಡದೆ ಉಳಿದುಬಿಟ್ಟವನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ದೂರು ಯಾಕೆ ಕೊಡುವುದಿಲ್ಲ? ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 2012ರದು. 2019ರ ತಿದ್ದುಪಡಿಯ ನಂತರ, ಸಂಬಂಧಿಕನೇ ಮಗುವಿನ ಮೇಲೆ ಅತ್ಯಾಚಾರ ಎಸಗಿದರೆ ಕನಿಷ್ಠ 20 ವರ್ಷ ಜೈಲು, ಗಲ್ಲೂ ಆಗಬಹುದು. ಟಿ.ವಿ. ಮುಂದೆ ಕೂತು ‘ಹಾಗೇ ಆಗಬೇಕು’ ಅಂತೀವಿ. ಅದೇ ಮೈದುನನ ವಿಷಯ ಬಂದಾಗ ಅತ್ತೆ ಏನು ಹೇಳುತ್ತಾರೆ? ‘ಅವನನ್ನ ಗಲ್ಲಿಗೆ ಹಾಕಿಸ್ತೀಯಾ? ಮನೆ ಮರ್ಯಾದೆ ಏನಾಗಬೇಕು?’ ಅಲ್ಲಿಗೆ ಮಗುವಿನ ಬಾಯಿ ಮುಚ್ಚಿತು. ನ್ಯಾಯಮೂರ್ತಿ ವರ್ಮಾ ಸಮಿತಿ 2013ರಲ್ಲೇ ಅತ್ಯಾಚಾರಕ್ಕೆ ಗಲ್ಲು ಬೇಡ ಎಂದಿತ್ತು. ಯಾರು ಕೇಳಿದರು?

ಇನ್ನೊಂದು ಕಡೆ, ಈ ಬಲೆಗೆ ಬೀಳಬಾರದವರೂ ಬೀಳುತ್ತಾರೆ. 2017ರಲ್ಲಿ 17ರ ಹುಡುಗಿಯೊಬ್ಬಳು ಪ್ರೀತಿಸಿದವನ ಜೊತೆ ಹೋದಳು, ಹೆತ್ತವರು ದೂರು ಕೊಟ್ಟರು. ಕೇಸು ನಮ್ಮ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬರುವಷ್ಟರಲ್ಲಿ ಇಬ್ಬರಿಗೂ ಮದುವೆಯಾಗಿ ಎರಡು ಮಕ್ಕಳು! 2022ರ ನವೆಂಬರ್‌ನಲ್ಲಿ ಪೀಠ ಬಿಡುಗಡೆಯ ತೀರ್ಪನ್ನೇ ಎತ್ತಿಹಿಡಿಯಿತು, ವಯಸ್ಸಿನ ಮಿತಿಯನ್ನು ಮರುಚಿಂತಿಸಲು ಕಾನೂನು ಆಯೋಗಕ್ಕೆ ಹೇಳಿತು. ಶಿಕ್ಷೆಯಾಗಿದ್ದರೆ ಆ ಗಂಡನ ಹೆಸರೂ ಅದೇ ಪಟ್ಟಿಗೆ ಸೇರುತ್ತಿತ್ತು. 18ರ ಮಿತಿ ಇಳಿಸುವುದು ಬೇಡ, ಆದರೆ 16ರಿಂದ 18ರವರ ಒಪ್ಪಿತ ಸಂಬಂಧದಲ್ಲಿ ಶಿಕ್ಷೆಯ ವಿವೇಚನೆ ನ್ಯಾಯಾಧೀಶರಿಗೆ ಇರಲಿ ಎಂದು ಆಯೋಗ 2023ರಲ್ಲಿ ಸಲಹೆ ಮಾಡಿತು. ನನಗೆ ಇದು ಸರಿಯೆನಿಸುತ್ತದೆ. ಮಿತಿ ಇಳಿಸಿದರೆ ಬಾಲ್ಯವಿವಾಹ ಮಾಡಿಸುವವರಿಗೆ ಅನುಕೂಲ.

ಹಾಗಾದರೆ ನಾವು ಕೇಳಬೇಕಾದ್ದೇನು? ಕಾಯ್ದೆಯಲ್ಲಿ ಈಗಾಗಲೇ ಬರೆದಿರುವುದನ್ನೇ ನಡೆಸಿ ಅಂತ. ಮಗುವಿನ ಸಾಕ್ಷ್ಯ 30 ದಿನದಲ್ಲಿ ದಾಖಲಾಗಬೇಕು, ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು. ಹೇಳಿಕೆ ಪಡೆಯಲು ಪೊಲೀಸರು ಸಮವಸ್ತ್ರವಿಲ್ಲದೆ ಮಗುವಿನ ಮನೆಗೇ ಬರಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ಆಗಿರಬೇಕು. ಇದೆಲ್ಲಾ ನಡೆದರೆ ದೂರು ಕೊಡಲು ಧೈರ್ಯ ಬರುತ್ತದೆ.

ಪತ್ರ ಬರೆದ ತಾಯಿಗೆ: ನಾಳೆ ಮಗಳನ್ನು ಟ್ಯೂಷನ್‌ಗೆ ಕಳಿಸಬೇಡಿ. ತಲೆ ಬಾಚುವಾಗಲೋ, ಊಟ ಕಲಸುವಾಗಲೋ ಮೆಲ್ಲಗೆ ಕೇಳಿ, ‘ಅಲ್ಲಿ ನಿನಗೆ ಏನು ಇಷ್ಟ ಆಗಲ್ಲ?’ ಅಂತ. ಗದರಬೇಡಿ, ಒಂದೇ ಸಲಕ್ಕೆ ಉತ್ತರ ಬರದೇ ಇರಬಹುದು. ಅವಳು ಏನಾದರೂ ಹೇಳಿದರೆ ನಂಬಿ, ಅತ್ತೆಯ ಹತ್ತಿರ ಪಂಚಾಯಿತಿಗೆ ಕೂರಬೇಡಿ. ಗೊತ್ತಿದ್ದೂ ತಿಳಿಸದಿರುವುದು ಪೋಕ್ಸೊ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098, ಹಗಲೂ ರಾತ್ರಿಯೂ ಉಚಿತ. ಬಾಡಿಗೆದಾರನ ಗುರುತಿನ ಚೀಟಿಯ ಪ್ರತಿಯನ್ನು ಠಾಣೆಗೆ ಕೊಟ್ಟುಬಿಡಿ, ಅದು ಅರ್ಧ ಗಂಟೆಯ ಕೆಲಸ.