ಎಲುಬುಗೂಡು ಮತ್ತು ಕಲಾವಿಭಾಗದ ವಿದ್ಯಾರ್ಥಿ

ಅಸ್ಥಿಪಂಜರವೆಂದೊಡನೆ ನಮ್ಮಲ್ಲಿ ಕೆಲವರಿಗೆ ಸ್ಮಶಾನದ ನೆನಪಾಗುತ್ತದೆ. ಉಳಿದವರು, “ಅದು ವೈದ್ಯರಾಗುವವರ ಪಾಠ; ಇತಿಹಾಸ, ಸಮಾಜಶಾಸ್ತ್ರ ಓದುವ ನಮಗೇಕೆ?” ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ಮನುಷ್ಯನನ್ನು ಕುರಿತು ಓದುವವನೇ ಕಲಾವಿಭಾಗದ ವಿದ್ಯಾರ್ಥಿ. ಆ ಮನುಷ್ಯನು ಯಾವ ಹಂದರದ ಮೇಲೆ ನಿಂತಿರುವನೆಂಬುದನ್ನೇ ಅರಿಯದೆ ಪದವಿ ಪಡೆದರೆ ನಮ್ಮ ಓದು ಅರೆಯಾದೀತು.

ಹುಟ್ಟಿದ ಕೂಸಿನ ಮೈಯಲ್ಲಿ ಸುಮಾರು 270ರಿಂದ 300 ಎಲುಬುಗಳಿರುತ್ತವೆ. ಬೆಳೆದಂತೆ ಕೆಲವು ಒಂದರೊಡನೊಂದು ಬೆಸೆದು, ದೊಡ್ಡವರಲ್ಲಿ ಸಾಮಾನ್ಯವಾಗಿ 206 ಉಳಿಯುತ್ತವೆ. ಇವುಗಳಲ್ಲಿ ತಲೆ, ಕೊರಳು, ಬೆನ್ನು, ಎದೆಗಳವು 80. ಕೈಕಾಲುಗಳವೂ ಅವನ್ನು ಮೈಗೆ ಕೂಡಿಸುವ ಹೆಗಲು, ಸೊಂಟಗಳವೂ ಸೇರಿ 126. ತಲೆಬುರುಡೆಯು ನೋಡಲು ಒಂದೇ ಎಲುಬಿನಂತಿದ್ದರೂ ಅದರಲ್ಲಿ 22 ಎಲುಬುಗಳಿವೆ: ಮಿದುಳನ್ನು ಕಾಯುವವು 8, ಮುಖಕ್ಕೆ ಆಕಾರ ಕೊಡುವವು 14. ಇವುಗಳಲ್ಲಿ ಅಲುಗಾಡುವುದು ಕೆಳದವಡೆಯೊಂದೇ. ಮಿಕ್ಕವು ಹೊಲಿಗೆ ಹಾಕಿದಂತೆ ಕೂಡಿಕೊಂಡಿವೆ.

ಕೂಸಿನ ನೆತ್ತಿಯಲ್ಲಿ ಈ ಹೊಲಿಗೆ ಇನ್ನೂ ಕೂಡಿರುವುದಿಲ್ಲ. ಹೆರಿಗೆಯಲ್ಲಿ ತಲೆ ಸುಲಭವಾಗಿ ಹೊರಬರಲೆಂದೂ ಮುಂದೆ ಮಿದುಳು ಬೆಳೆಯಲು ಎಡೆಯಿರಲೆಂದೂ ಪ್ರಕೃತಿಯ ಏರ್ಪಾಡಿದು. ನೆತ್ತಿಗೆ ಎಣ್ಣೆ ಒತ್ತುವ ನಮ್ಮ ಅವ್ವಂದಿರಿಗೆ ಆ ಮೆತ್ತನೆಯ ಜಾಗ ಚೆನ್ನಾಗಿ ಗೊತ್ತು. ಆದರೆ ವಾಂತಿಭೇದಿಯಾದ ಕೂಸಿನ ನೆತ್ತಿ ಗುಳಿಬಿದ್ದರೆ ಮೈಯ ನೀರು ಬತ್ತುತ್ತಿದೆಯೆಂದು ತಿಳಿದು, ತಡಮಾಡದೆ ದವಾಖಾನೆಗೆ ಒಯ್ಯಬೇಕೆಂಬುದನ್ನು ಹೇಳುವ ಹೊಣೆ ಓದಿದವರದಲ್ಲವೆ? ಯಲವಿಗಿಯಂಥ ಊರಿನಲ್ಲಿ, ನನ್ನಂತೆ ಮನೆತನಕ್ಕೆ ಮೊದಲ ಪದವೀಧರನಾಗುವವನ ಕೈಗೆ ಎಕ್ಸ್‌ರೇ ಚೀಟಿ ಕೊಟ್ಟು, “ಏನು ಬರದಾರ, ಓದಿ ಹೇಳಪಾ” ಎನ್ನುತ್ತಾರೆ. “ನನ್ನದು ಬಿ.ಎ.” ಎಂದು ಚೀಟಿಯನ್ನು ಹಿಂದಿರುಗಿಸಿದರೆ, ಕೂಲಿನಾಲಿ ಮಾಡಿ ನಮ್ಮನ್ನು ಓದಿಸಿದವರಿಗೆ ನಾವು ಕೊಟ್ಟಂತಾದುದೇನು?

ಈ ಪಾಠದಿಂದ ಇನ್ನೊಂದು ಲಾಭವೂ ಉಂಟು. ಬುರುಡೆಯನ್ನು ಅಳೆದು ಜನಾಂಗಗಳಲ್ಲಿ ಮೇಲುಕೀಳು ಹಚ್ಚಿದ ಕಾಲವೊಂದಿತ್ತು. ಬರ್ಲಿನ್ನಿನಲ್ಲಿ ಅಂಥ ಪಂಡಿತನೊಬ್ಬನ ಕೈಕೆಳಗೆ ಸಂಶೋಧನೆ ಮಾಡಿದ ಇರಾವತಿ ಕರ್ವೆಯವರು, ಬುರುಡೆಗಳ ಎಡಬಲದ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧವಿಲ್ಲವೆಂದು ಗುರುವಿನ ಮತಕ್ಕೆ ವಿರುದ್ಧವಾಗಿಯೇ ತೋರಿಸಿದರು. ಕುಲದ ಹೆಮ್ಮೆಯನ್ನು ಪ್ರಶ್ನಿಸಿದ ಕನಕದಾಸರ ಬಾಡ ನಮ್ಮ ನೆರೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿಯೇ ಇದೆ. ಆದರೂ ಎಷ್ಟೋ ಹಳ್ಳಿಗಳಲ್ಲಿ ಸತ್ತವರಿಗೂ ಜಾತಿಗೊಂದು ಸ್ಮಶಾನ. ಮಣ್ಣಿನೊಳಗಿನ ಎಲುಬನ್ನು ಎಣಿಸಿದರೆ ಇಲ್ಲಿಯೂ 206, ಅಲ್ಲಿಯೂ 206!

ಈ ವಿದ್ಯೆ ನಮಗೆ ಪುಕ್ಕಟೆ ಬಂದುದಲ್ಲ. ಬೈಲಹೊಂಗಲದ ವೈದ್ಯರಾದ ಡಾ. ಬಿ. ಎಸ್. ರಾಮಣ್ಣವರ ಅವರು ತಮ್ಮ ದೇಹವನ್ನು ಪಾಠಕ್ಕಾಗಿ ದಾನಮಾಡಿದರು. ಅವರ ಮಗ, ಶರೀರರಚನೆಯ ಅಧ್ಯಾಪಕ ಡಾ. ಮಹಾಂತೇಶ ಅವರು 2010ರಲ್ಲಿ ಬೆಳಗಾವಿಯಲ್ಲಿ ವಿದ್ಯಾರ್ಥಿಗಳ ಮುಂದೆ ತಂದೆಯ ದೇಹವನ್ನೇ ಛೇದಿಸಿ ಪಾಠ ಹೇಳಿದರು. ಸತ್ತ ಮೇಲೂ ಗುರುವಾದ ತಂದೆ ದೊಡ್ಡವನೋ, ಕೈ ನಡುಗದಂತೆ ಹಿಡಿದ ಮಗ ದೊಡ್ಡವನೋ, ಹೇಳುವುದು ಕಷ್ಟ.

ಎಲ್ಲರಿಗೂ ಅಷ್ಟು ಧೈರ್ಯ ಬರಲಿಕ್ಕಿಲ್ಲ. ಆದರೆ ಅಂಥ ದಾನದಿಂದ ಬೆಳೆದ ಜ್ಞಾನವನ್ನು ಕಲಿಯುವುದಕ್ಕಾದರೂ ನಾವು ಹಿಂಜರಿಯಬಾರದು. 1957ರಿಂದಲೂ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಯಲವಿಗಿಯಿಂದ ಅಲ್ಲಿಗೆ ರೈಲು ಹಾದಿಯಿದೆ. ವರ್ಷಕ್ಕೊಮ್ಮೆ ಅಲ್ಲಿಯ ಅಧ್ಯಾಪಕರೊಬ್ಬರನ್ನು ಕರೆಸಿ, ಕಲಾವಿಭಾಗದ ವಿದ್ಯಾರ್ಥಿಗಳೆಲ್ಲರಿಗೂ ಎಲುಬುಗೂಡನ್ನು ಮುಂದಿಟ್ಟು, ಕನ್ನಡದಲ್ಲಿಯೇ ಈ ಪಾಠ ಹೇಳಿಸಬೇಕೆಂದು ಗುರುವೃಂದದಲ್ಲಿ ನನ್ನ ವಿನಂತಿ. ಊರಿಗೆ ಹೋದಾಗ ಮನೆಯವರಿಗೆ ತಿಳಿಸಿ ಹೇಳುವ ಕೆಲಸ ನಮ್ಮದಿರಲಿ.