ಹತ್ತು ನಿಮಿಷ ಮೈ ಮಾತು ಕೇಳ್ರಿ

ಅಕ್ಕಾರ, ವೈನಿ, ಒಂದ್ ಮಾತು. "ಮುಂಜಾನಿಂದ ಸಂಜೀತನಕ ಮನೀಕೆಲಸ ಮಾಡ್ತೀವಿ, ನಮಗ್ಯಾಕ ಬೇಕು ಯೋಗಾ-ಗೀಗಾ?" ಅಂತ ನಾನೂ ಅಂತಿದ್ದೆ. ಹೋದ ವರ್ಷ ಬಲಗೈ ಮ್ಯಾಲೆ ಏಳೋದೇ ನಿಂತ ಮ್ಯಾಲೆ ಆ ಮಾತು ಬಿಟ್ಟೆ.

ಹೆಳಲು ಹಾಕ್ಕೊಳ್ಳಿಕ್ಕೆ ಆಗವಲ್ದು, ಮ್ಯಾಲಿನ ಡಬ್ಬಿ ಇಳಸಲಿಕ್ಕೆ ಆಗವಲ್ದು. ಡಾಕ್ಟರು ಫ್ರೋಜನ್ ಶೋಲ್ಡರ್ ಅಂದ್ರು. ಫಿಜಿಯೋಥೆರಪಿ ಹುಡುಗಿ ಕಲಿಸಿದ್ದು ಇಷ್ಟ: ಗ್ವಾಡಿ ಮುಂದ ನಿಂತು, ಇರುವಿ ಹತ್ತಿದಂಗ ಬೆರಳು ಮ್ಯಾಲೆ ಹತ್ತಸಬೇಕು. ನಾ ಸೀರಿಯಲ್ ನೋಡ್ಕೋತ ಗಡಿಬಿಡೀಲೆ ಮಾಡ್ದೆ. ನೋವು ಜಾಸ್ತಿನ ಆತು. "ಕಾಕು, ಟಿವಿ ಬಂದ್ ಮಾಡ್ರಿ. ಬೆರಳು ನೋಡ್ರಿ, ಉಸಿರು ಬಿಡ್ಕೋತ ಹತ್ತಸ್ರಿ, ನೋವು ಶುರುವಾದಲ್ಲೆ ನಿಲ್ರಿ" ಅಂದ್ಲು.

ಆವಾಗ ತಿಳೀತು. ರೊಟ್ಟಿ, ಮುಸುರಿ, ಕಸ, ಎಲ್ಲಾದಕ್ಕೂ ಕೈ ಮುಂದ, ಬೆನ್ನು ಬಗ್ಗಿ. ಕೈ ಮ್ಯಾಲೆ, ಹಿಂದ ಹೋಗೋದು ಅಪರೂಪ. ಮನಸ್ಸರೆ ಹಾಲು ಉಕ್ಕೀತೇನೋ ಅಂತ ಅಲ್ಲೇ ಇರ್ತದ. ಮೈ ಹೆಂಗದ ಅಂತ ಕೇಳೋರ್ಯಾರು?

ಕೋಲಾರ ಜಿಲ್ಲಾದ ಬೆಳ್ಳೂರಾಗ 1918ರಾಗ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಸಣ್ಣವರಿದ್ದಾಗ ಜಡ್ಡಿನಿಂದ ಸೊರಗಿದವರು. ಮುಂದ ಕುರ್ಚಿ, ಬೆಲ್ಟು, ಕಟ್ಟಿಗಿ ತುಂಡಿನ ಆಸರದಿಂದ, ಬಗ್ಗಲಿಕ್ಕೆ ಆಗದವರಿಗೂ ಆಸನ ಕಲಿಸಿದ್ರು. ಅಂದಮ್ಯಾಲೆ "ನಮಗ ವಯಸ್ಸಾತು" ಅನ್ನೋ ನೆಪ ಬ್ಯಾಡ.

ನಮ್ಮವ್ವ "ಕೆಲಸ ಮುಗೀಲಿ ತಡಿ" ಅನ್ಕೋತ ಇದ್ದಳು. ಕೆಲಸ ಮುಗೀಲೇ ಇಲ್ಲ, ಮೊಣಕಾಲು ಮುಗದು. ತಂಗಿ ಮಗಳ ಮದುವ್ಯಾಗ ಪಂಕ್ತಿಯೊಳಗ ಕೂಡಲಿಕ್ಕೆ ಆಗದ, ಮೂಲ್ಯಾಗ ಕುರ್ಚಿ ಮ್ಯಾಲೆ ಒಬ್ಬಾಕಿನೇ ಉಂಡ್ಳು. ಅದು ನನಗ ಇನ್ನೂ ಚುಚ್ಚತದ.

ತೂಕ ಇಳಸಲಿಕ್ಕೆ ಅಂತ ಮಾಡಿದ್ರ ಎಂಟು ದಿನಕ್ಕ ಬ್ಯಾಸರಾಗ್ತದ, ನಾನೂ ಮಾಡಿ ಬಿಟ್ಟಾಕಿ. ಮೈ ಮಾತು ಕೇಳಲಿಕ್ಕೆ ಮಾಡಿದ್ರ ಮರುದಿನ ಅದ ಕರೀತದ. ಕುಕ್ಕರ್ ಇಡೋಕಿಂತ ಮೊದಲ ಹತ್ತು ನಿಮಿಷ, ಫೋನು ಒಳಗಿಟ್ಟು, ಸಾವಕಾಶ ಕೈಕಾಲು ಆಡಸ್ರಿ. ನೋವು ಭಾಳ ಇದ್ರ ಮೊದಲ ಡಾಕ್ಟರಿಗೆ ತೋರಸ್ರಿ.

ನನಗ ಎಂಟು ತಿಂಗಳು ಹಿಡೀತು. ಈ ಪಂಚಮಿಗೆ ಜೋಕಾಲಿ ಹಗ್ಗ ಎರಡೂ ಕೈಲೆ ಮ್ಯಾಲೆ ಹಿಡದು ಜೀಕಿದೆ. "ಅಜ್ಜಿ, ಸಾಕಿಳಿ, ನನ್ನ ಪಾಳಿ" ಅಂತ ಮೊಮ್ಮಗಳು ಅಳಲಿಕ್ಕೆ ಹತ್ತಿದ್ಲು. ನಾ ಇಳೀಲೇ ಇಲ್ಲ!