ಮನೆ ಒಂದು, ಕಂಪ್ಯೂಟರ್ ಮೂರು, ಕಳ್ಳ ಯಾರು?

1/4
ಹೋದ ವಾರ ಸ್ಟೋರಿಲಿ ಒಂದು ಪೋಲ್ ಹಾಕಿದ್ದೆ: "ಮನೇಲಿ ಎರಡು ಕಂಪ್ಯೂಟರ್ ಇದ್ರೆ ಒಂದೇ ಪ್ರೋಗ್ರಾಂಗೆ ಎರಡು ಸಲ ದುಡ್ಡು ಕೊಡ್ಬೇಕಾ?" ಓಟು ಹಾಕಿದವರಿಗಿಂತ ನಗೋ ಇಮೋಜಿ ಕಳಿಸಿದವರೇ ಜಾಸ್ತಿ. "ದುಡ್ಡು ಕೊಟ್ಟು ಯಾರ್ ಗುರೂ ತಗೋತಾರೆ?" ಅಂತ ಡಿಎಂ ಬೇರೆ. ನಮ್ಮನೇಲಿ ತಗೊಂಡ್ವಿ. ಅದಕ್ಕೇ ಈ ಸೀರೀಸ್. ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ.

ನಮ್ಮಕ್ಕ ಟ್ಯೂಷನ್ ಹೇಳ್ಕೊಟ್ಟು ಉಳಿಸಿದ ದುಡ್ಡಲ್ಲಿ ಫೋಟೋ ಎಡಿಟ್ ಮಾಡೋ ಒಂದು ಪ್ರೋಗ್ರಾಂ ತಗೊಂಡ್ಳು. 3,800 ರೂಪಾಯಿ. ವಾರವೆಲ್ಲಾ ಹಾಸ್ಟೆಲಲ್ಲಿ ಲ್ಯಾಪ್‌ಟಾಪಲ್ಲೇ ಕಲೀತಿದ್ಳು. ಭಾನುವಾರ ಮನೆಗೆ ಬಂದಾಗ ಹಾಲ್‌ನಲ್ಲಿರೋ ಡೆಸ್ಕ್‌ಟಾಪಿನ ದೊಡ್ಡ ಸ್ಕ್ರೀನಲ್ಲಿ ಮಾಡೋಣ ಅಂತ ಅದೇ ಕೀ ಹಾಕಿದ್ಳು. ಈ ಕೀ ಈಗಾಗಲೇ ಬೇರೆ ಕಂಪ್ಯೂಟರಲ್ಲಿ ಬಳಕೆಯಲ್ಲಿದೆ ಅಂತ ಬಂತು. ಹೆಲ್ಪ್‌ಲೈನಿಗೆ ಫೋನ್ ಮಾಡಿ 40 ನಿಮಿಷ ಮ್ಯೂಸಿಕ್ ಕೇಳಿದ ಮೇಲೆ ಒಬ್ಬರು ಸಿಕ್ಕಿ, "ಮೇಡಂ, ಒಂದು ಲೈಸೆನ್ಸ್ ಒಂದು ಕಂಪ್ಯೂಟರಿಗೆ ಮಾತ್ರ, ಇನ್ನೊಂದು ತಗೊಳ್ಳಿ" ಅಂದ್ರು. ಕೂರೋಳು ಒಬ್ಳೇ. ಹಾಸ್ಟೆಲಲ್ಲೂ ಮನೇಲೂ ಒಟ್ಟಿಗೆ ಹೇಗೆ ಕೂರ್ತಾಳೆ?

ರಿಪೇರಿ ಅಂಗಡಿ ಅಣ್ಣ ಮಾತ್ರ ಉದಾರಿ. "300 ಕೊಡಮ್ಮ, ಮನೇಲಿರೋ ಮೂರಕ್ಕೂ ಕ್ರ್ಯಾಕ್ ಹಾಕ್ಕೊಡ್ತೀನಿ." ಅಕ್ಕ ಬೇಡ ಅಂದ್ಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ್ರು, "ದುಡ್ಡು ಕೊಟ್ಟೋಳಿಗೆ ಬೀಗ, ಕೊಡದೇ ಇರೋನಿಗೆ ಬಾಗಿಲು. ಇದೆಂಥ ವ್ಯಾಪಾರನಮ್ಮ?"

2/4
ಇದು ಮೊದಲಿಂದಲೂ ಹೀಗೇ ಅನ್ಕೋಬೇಡಿ. ಪಿಯುಸಿ ಲ್ಯಾಬಲ್ಲಿ ನೀಲಿ ಸ್ಕ್ರೀನ್ ಮುಂದೆ ಒದ್ದಾಡಿದ್ವಲ್ಲ, ಆ ಟರ್ಬೊ ಸಿ++ ಮಾಡಿದ್ದು ಬೋರ್ಲಾಂಡ್ ಕಂಪನಿ. 1980ರ ದಶಕದಲ್ಲಿ ಅವರ ಲೈಸೆನ್ಸ್‌ನ ತಿರುಳು ಇಷ್ಟೇ: ಇದನ್ನ ಪುಸ್ತಕದ ಹಾಗೆ ನೋಡ್ಕೊಳ್ಳಿ. ಯಾರು ಬೇಕಾದ್ರೂ ಓದ್ಲಿ, ಯಾವ ಕಂಪ್ಯೂಟರಿಗೆ ಬೇಕಾದ್ರೂ ಸಾಗಿಸಿ, ಒಂದೇ ಹೊತ್ತಿಗೆ ಎರಡು ಕಡೆ ಮಾತ್ರ ಓದ್ಬೇಡಿ. ನಮ್ಮಕ್ಕ ಕೇಳಿದ್ದೂ ಇದನ್ನೇ ಅಲ್ವಾ?

ಆಮೇಲೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಆಕ್ಟಿವೇಶನ್ ಮನೆಮನೆಗೆ ಬಂತು. ಹಾಗಿದ್ರೂ ಕುಟುಂಬ ಅನ್ನೋ ಲೆಕ್ಕ ಪೂರ್ತಿ ಸತ್ತಿರಲಿಲ್ಲ. 2009ರಲ್ಲಿ ವಿಂಡೋಸ್ 7ಕ್ಕೆ ಮೂರು ಕಂಪ್ಯೂಟರಿನ ಫ್ಯಾಮಿಲಿ ಪ್ಯಾಕ್ ಇತ್ತು. ಅದೇ ವರ್ಷ ಅಮೆರಿಕದಲ್ಲಿ ಆ್ಯಪಲ್‌ನ ಸ್ನೋ ಲೆಪರ್ಡ್ ಒಂದಕ್ಕೆ 29 ಡಾಲರ್, ಒಂದೇ ಮನೆಯ ಐದು ಮ್ಯಾಕ್‌ಗೆ 49 ಡಾಲರ್. ಆಫೀಸ್ ಹೋಮ್ ಅಂಡ್ ಸ್ಟೂಡೆಂಟ್ 2007, 2010ರ ಡಬ್ಬಿ ತಗೊಂಡ್ರೆ ಮನೆಯ ಮೂರು ಕಂಪ್ಯೂಟರಿಗೆ ಹಾಕಬಹುದಿತ್ತು. ಆಫೀಸ್ 2013 ಬಂದಾಗ ಒಂದೇ ಕಂಪ್ಯೂಟರಿಗೆ ಇಳಿಸಿದ್ರು. ಸಾಲದು ಅಂತ, ಆ ಕಂಪ್ಯೂಟರ್ ಹಾಳಾದ್ರೆ ಲೈಸೆನ್ಸೂ ಅದರ ಜೊತೆ ಮಣ್ಣಿಗೆ. ಗ್ರಾಹಕರು ಗಲಾಟೆ ಮಾಡಿದ್ರು, 2013ರ ಮಾರ್ಚಲ್ಲಿ ಬೇರೆ ಕಂಪ್ಯೂಟರಿಗೆ ವರ್ಗಾಯಿಸಬಹುದು ಅಂತ ನಿಯಮ ಬದಲಾಯ್ತು. ಗಲಾಟೆ ಮಾಡಿದ್ದಕ್ಕೆ ಬದಲಾಯ್ತು, ನೆನಪಿರ್ಲಿ.

ಈಗ ಸಬ್‌ಸ್ಕ್ರಿಪ್ಷನ್ ಕಾಲ. ಮೈಕ್ರೋಸಾಫ್ಟ್ 365 ಫ್ಯಾಮಿಲಿ ತಗೊಂಡ್ರೆ ಆರು ಜನಕ್ಕೆ ನಡೆಯುತ್ತೆ. ಒಳ್ಳೇದೇ. ಆದ್ರೆ ಅದು ಬಾಡಿಗೆ ಮನೆ. ದುಡ್ಡು ಕಟ್ಟೋದು ನಿಲ್ಲಿಸಿದ್ರೆ ನೀವೇ ಬರೆದ ಫೈಲನ್ನ ಅದರಲ್ಲಿ ನೋಡಬಹುದು, ತಿದ್ದೋಕಾಗಲ್ಲ.

3/4
ಕಾನೂನಿನ ಮಾತು. ಇದು ನನಗೂ ಹೊಸದು, ಲಾ ಓದ್ತಿರೋ ಗೆಳೆಯ ತೋರಿಸ್ದ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಲ್ಲಿ ಯಾವುದು ಉಲ್ಲಂಘನೆ ಅಲ್ಲ ಅನ್ನೋ ಪಟ್ಟಿ ಇದೆ. ನೀವು ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ ವ್ಯಾಪಾರಕ್ಕಲ್ಲದ, ಸ್ವಂತ ಬಳಕೆಗೆ ಕಂಪ್ಯೂಟರ್ ಪ್ರೋಗ್ರಾಂನ ಪ್ರತಿ ಮಾಡ್ಕೊಳ್ಳೋದು ಆ ಪಟ್ಟಿಯಲ್ಲಿದೆ. ಅಂದ್ರೆ ಅಕ್ಕನ ಭಾನುವಾರದ ಕೆಲಸ ಕಾಪಿರೈಟ್ ಕಳ್ಳತನ ಅಂತ ಯಾರಾದ್ರೂ ಅಂದ್ರೆ, ಈ ಸಾಲು ತೋರಿಸಬಹುದು. (ಅಪ್ಪ ಅದನ್ನ ಅಂಗಡಿ ಬ್ಯಾನರಿಗೆ ಬಳಸಿದ್ರೆ ಮಾತು ಬೇರೆ, ಅದು ವ್ಯಾಪಾರ.) ಆದ್ರೆ "ಐ ಅಗ್ರೀ" ಒತ್ತಿದಾಗ ಆ ಕಂಪನಿ ಜೊತೆ ಒಂದು ಒಪ್ಪಂದಕ್ಕೂ ತಲೆ ಕೊಟ್ಟಿರ್ತೀವಿ. ಮತ್ತೆ ಕೀ ನೋಡೋ ಆ ಸರ್ವರ್ 52ನೇ ಸೆಕ್ಷನ್ ಓದಲ್ಲ.

ಇನ್ನು ನಗೋ ಇಮೋಜಿ ಕಳಿಸಿದವರಿಗೆ. ಅದೇ ಕಾಯ್ದೆಯ 63ಬಿ ಓದ್ಕೊಳ್ಳಿ. ಗೊತ್ತಿದ್ದೂ ಕದ್ದ ಪ್ರೋಗ್ರಾಂ ಬಳಸಿದ್ರೆ 7 ದಿನದಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಲಾಭಕ್ಕಲ್ಲ ಅಂತಾದ್ರೆ ಕೋರ್ಟ್ ಜೈಲು ಬಿಟ್ಟು 50 ಸಾವಿರದೊಳಗೆ ದಂಡ ಹಾಕಬಹುದು. ಹೆದರಿಸ್ತಿಲ್ಲ. ನನ್ನ ಸಿಟ್ಟು ಬೇರೆ. ಕ್ರ್ಯಾಕ್ ಹಾಕೋಕೆ ಮೊದಲು "ಆಂಟಿವೈರಸ್ ಆಫ್ ಮಾಡಿ" ಅಂತಾರಲ್ಲ, ಯಾಕೆ ಅಂತ ಒಂದ್ಸಲನಾದ್ರೂ ಕೇಳಿದ್ದೀರಾ? ಅದೇ ಕಂಪ್ಯೂಟರಲ್ಲಿ ಅಮ್ಮ ಬ್ಯಾಂಕ್ ಪಾಸ್‌ವರ್ಡ್ ಹಾಕ್ತಾರೆ. ಮತ್ತೆ ನಮ್ಮ ಕ್ಲಾಸಲ್ಲಿ ಅರ್ಧ ಜನಕ್ಕೆ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಬೇಕು! ನೀವು ಬರೆದ ಪ್ರೋಗ್ರಾಂನೂ ಯಾರೋ 300 ರೂಪಾಯಿಗೆ ಮಾರ್ತಾರೆ, ಆಗ ಸಂಬಳ ಯಾರು ಕೊಡೋದು?

4/4
ಕಂಪನಿಯವರ ವಾದ ಗೊತ್ತು: ಮನೆ ಅಂತ ಬಿಟ್ರೆ ಚಿಕ್ಕಪ್ಪನ ಮನೆ, ಪಕ್ಕದ ಮನೆ, ಕೊನೆಗೆ ಇಡೀ ಬೀದಿ. ನಿಜ, ನಮ್ಮೂರಲ್ಲಿ ಸಂಬಂಧ ಹುಡುಕೋದು ಕಷ್ಟ ಅಲ್ಲ. ಹಾಗಾದ್ರೆ ಒಂದು ಸಂಖ್ಯೆ ಇಡಿ. ಮೂರು ಅನ್ನಿ, ಐದು ಅನ್ನಿ. 2009ರಲ್ಲಿ ಆಗಿದ್ದು ಈಗ ಯಾಕಾಗಲ್ಲ? ಒಂದು ಕಂಪ್ಯೂಟರಿಂದ ತೆಗೆದು ಇನ್ನೊಂದಕ್ಕೆ ಹಾಕೋ ಬಟನ್ ಆದ್ರೂ ಕೊಡಿ. ಮನೆಗೊಂದು ಪೇಪರ್ ಬರುತ್ತೆ, ಅಜ್ಜಿಯಿಂದ ತಮ್ಮನವರೆಗೂ ಓದ್ತೀವಿ. ಓದೋ ಒಬ್ಬೊಬ್ಬರಿಗೂ ಒಂದೊಂದು ಪೇಪರ್ ತಗೊಳ್ಳಿ ಅಂತ ಪೇಪರ್ ಹುಡುಗ ಬಂದ್ರೆ ಅಜ್ಜಿ ಸುಮ್ನೆ ಬಿಡ್ತಾರಾ?

ನೀವು ಮಾಡಬಹುದಾದ್ದು: ತಗೊಳ್ಳೋ ಮುಂಚೆ ಎಷ್ಟು ಕಂಪ್ಯೂಟರ್, ವರ್ಗಾಯಿಸಬಹುದಾ ಅಂತ ನೋಡಿ. ಹೊಸ ಲ್ಯಾಪ್‌ಟಾಪಲ್ಲೇ ಬರೋ ಒಇಎಂ ವಿಂಡೋಸ್ ಆ ಮಷೀನಿಗೇ ಅಂಟಿಕೊಂಡಿರುತ್ತೆ, ಬಿಡಿಯಾಗಿ ಕೊಂಡ ರೀಟೇಲ್ ಪ್ರತಿಯನ್ನ ಸಾಗಿಸಬಹುದು. ಲಿಬ್ರೆಆಫೀಸ್, ಗಿಂಪ್, ಕ್ರಿಟಾ ಇಂಥವನ್ನ ಹತ್ತು ಕಂಪ್ಯೂಟರಿಗೆ ಹಾಕಿದ್ರೂ ಯಾರೂ ಕೇಳಲ್ಲ, ಲೈಸೆನ್ಸೇ ಹಾಗಿದೆ. ಅಕ್ಕ ಗಿಂಪ್ ಟ್ರೈ ಮಾಡಿದ್ಳು, ಇಷ್ಟಾನೂ ಆಯ್ತು. ಆದ್ರೆ ಅವಳ ಕೋರ್ಸಲ್ಲಿ ಆ ಇನ್ನೊಂದು ಪ್ರೋಗ್ರಾಂನ ಫೈಲೇ ಬೇಕಂತೆ. ಕಾಲೇಜಿನವರನ್ನೂ ಒಂದು ಮಾತು ಕೇಳ್ಬೇಕು, ಅದು ಮುಂದಿನ ಸೀರೀಸ್‌ಗೆ.

ಇನ್ನೊಂದು ಲೈಸೆನ್ಸ್ ಅಕ್ಕ ತಗೊಂಡಿಲ್ಲ. ಈಗ ಭಾನುವಾರ ಲ್ಯಾಪ್‌ಟಾಪಿಂದ ಹಾಲ್‌ನ ಮಾನಿಟರಿಗೆ ಕೇಬಲ್ ಎಳೆದು ಕೂರ್ತಾಳೆ. ಕೇಬಲ್ 250 ರೂಪಾಯಿ. ನಿಮ್ಮನೇಲಿ ಯಾವ ಪ್ರೋಗ್ರಾಂ ಹೀಗೆ ಆಟ ಆಡಿಸಿದೆ, ಕಾಮೆಂಟಲ್ಲಿ ಹಾಕಿ.